ಯಂತ್ರಕ್ಕೆ ಅರ್ಥವಾಗದ ಮಾತು

ನನ್ನ ದನಿ ಚೆನ್ನಾಗಿದೆ ಅಂದವರನ್ನೆಲ್ಲ ಹುಡುಕಿಕೊಂಡು ಹೋಗಿ ಬೈಯಬೇಕು ಅನ್ನಿಸಿದ ದಿನ ಅದು. ದನಿ ಚೆನ್ನಾಗಿದೆ ಅಂತಲೇ ನಮ್ಮ ಆಫೀಸಿನ ರಾಮ್‌ಕುಮಾರ್ ಸಾರ್ ನನ್ನನ್ನು ಮೈಕಿನ ಮುಂದೆ ಕೂರಿಸಿ ಆ ಮಾತು ಹೇಳಿಸಿದ್ದು. 'ತಿಣ್ಣೈ' ತೆರೆದ ಕೂಡಲೇ ನನ್ನ ದನಿ ತಮಿಳಿನಲ್ಲಿ ಹೇಳುತ್ತದೆ: "ವಣಕ್ಕಂ. ಮನಸ್ಸಿನಲ್ಲಿರುವುದನ್ನು ಹೇಳಿ. ನೀವು ಹೇಳುವುದನ್ನು ಇಲ್ಲಿ ಯಾವ ಮನುಷ್ಯರೂ ಕೇಳುವುದಿಲ್ಲ."

ತಿಣ್ಣೈ ಅಂದರೆ ಜಗಲಿ. ನಮ್ಮ ಕಂಪನಿ ಮಾಡಿದ ಆ್ಯಪ್‌ನ ಹೆಸರು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಓದುವ ಬರೆಯುವ ಗೋಜಿಲ್ಲದೆ ಬಾಯಿಮಾತಿನಲ್ಲೇ ಫೋನಿಗೆ ತಮ್ಮ ಸಂಕಟ ಹೇಳಿಕೊಳ್ಳಬಹುದು. ಯಂತ್ರ ಸಮಾಧಾನ ಹೇಳುತ್ತದೆ, ನಿಧಾನವಾಗಿ ಉಸಿರಾಡುವುದನ್ನು ಕಲಿಸುತ್ತದೆ, ಸಂಕಟ ಜಾಸ್ತಿ ಅನ್ನಿಸಿದರೆ ಡಾಕ್ಟರ ನಂಬರು ಕೊಡುತ್ತದೆ. ಕೊಯಮತ್ತೂರಿನ ಗಣಪತಿ ಅನ್ನುವ ಏರಿಯಾದಲ್ಲಿ, ಒಂದು ಪಂಪ್ ವರ್ಕ್‌ಶಾಪಿನ ಮಹಡಿಯ ಮೇಲೆ ನಮ್ಮ ಆಫೀಸು. ಕೆಳಗೆ ಲೇತ್ ಕಿರುಚುತ್ತಿರುತ್ತದೆ, ಮೇಲೆ ನಾವು ಮನಶ್ಶಾಂತಿ ತಯಾರಿಸುತ್ತಿರುತ್ತೇವೆ.

ಯಂತ್ರಕ್ಕೆ ತಮಿಳು ಚೆನ್ನಾಗಿ ಬರುತ್ತದೆ. ಆದರೆ ಗದ್ದಲದಲ್ಲಿ ಮುಳುಗಿದ ಮಾತು, ಅಳುತ್ತಾ ನುಂಗಿದ ಮಾತು, ಬೇರೆ ಭಾಷೆಯ ಮಾತು, ಹೀಗೆ ಅದಕ್ಕೆ ಅರ್ಥವಾಗದ್ದೆಲ್ಲ 'ಅಸ್ಪಷ್ಟ' ಅನ್ನುವ ಒಂದು ಕಡೆ ಬಂದು ಬೀಳುತ್ತದೆ. ಅದನ್ನು ಯಾರಾದರೂ ಕೇಳಿ, ಟೈಪ್ ಮಾಡಿ, ಯಂತ್ರಕ್ಕೆ ಕಲಿಸಬೇಕು. ಆ ಕೆಲಸ ನನ್ನದು. ಯಾವ ಮನುಷ್ಯರೂ ಕೇಳುವುದಿಲ್ಲ ಅಂತ ಮಾತು ಕೊಡುವವಳೂ ನಾನೇ, ಕೂತು ಕೇಳುವವಳೂ ನಾನೇ. ಇದೇನು ಸಾರ್ ಹೀಗೆ ಅಂದದ್ದಕ್ಕೆ ರಾಮ್‌ಕುಮಾರ್ ಸಾರ್, "ಷರತ್ತುಗಳಲ್ಲಿ ಬರೆದಿದೆಯಮ್ಮಾ" ಅಂದಿದ್ದರು. ಬರೆದಿತ್ತು, ಇಂಗ್ಲಿಷಿನಲ್ಲಿ, ಯಾರೂ ಹೋಗಿ ನೋಡದಷ್ಟು ಕೆಳಗೆ. ಹೆಸರುಗಳಿಲ್ಲ, ಬರೀ ಸಂಖ್ಯೆಗಳು, ಯಾರ ಮಾತೆಂದು ನನಗೂ ತಿಳಿಯುವುದಿಲ್ಲವಲ್ಲ ಅಂತ ನಾನೂ ಸುಮ್ಮನಾಗಿದ್ದೆ.

ಆ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಕಿವಿಗೆ ಬಿದ್ದದ್ದು ಕನ್ನಡ.

ಮೈಸೂರು, ಬೆಂಗಳೂರಿನ ಕನ್ನಡವಲ್ಲ. ನಮ್ಮ ಮನೆಯ ಕನ್ನಡ. ಯಾವ ಕಾಲದಲ್ಲೋ ಬಂದು ಇಲ್ಲಿ ಮಗ್ಗ ಹೂಡಿದ ನಮ್ಮಂಥವರ ಮನೆಗಳಲ್ಲಿ ಮಾತ್ರ ಉಳಿದಿರುವ, ಅರ್ಧ ತಮಿಳು ಬೆರೆತ ಕನ್ನಡ. ಅದರಲ್ಲಿ 'ತಿಳಿಯಲ್ಲ' ಅನ್ನಲು 'ತೆರಿಯಲ್ಲ', 'ನಾನೇ' ಅನ್ನಲು 'ನಾನ್ ದಾನ್'. ನಮ್ಮಲ್ಲಿ ಅದರ ಅಕ್ಷರ ಬಲ್ಲವರು ಕಡಿಮೆ. ಮನಶ್ಶಾಸ್ತ್ರ ಓದಲು ಮೈಸೂರಿಗೆ ಹೋದದ್ದರಿಂದ ನಾನು ಕಲಿತೆ, ಅಷ್ಟೆ. ಹೊಸ್ತಿಲು ದಾಟಿದರೆ ನಮಗೆಲ್ಲ ತಮಿಳೇ. ಕನ್ನಡವನ್ನು ನಾವು ಮನೆಯ ಚಿಲಕದ ಹಾಗೆ ಬಳಸುತ್ತೇವೆ. ಜವಳಿ ಅಂಗಡಿಯವನ ಎದುರೇ, ಅವನ ಮುಖ ನೋಡಿ ನಗುತ್ತಲೇ, "ಇವ್ನು ಮೋಸಗಾರ, ಎದ್ದೇಳು ಹೋಗಣ" ಅಂತ ನಮ್ಮಮ್ಮ ಹೇಳುವುದು ಇದರಲ್ಲಿ. ಹೊರಗಿನವರ ಕಿವಿಗೆ ಬಿದ್ದರೂ ಬಿದ್ದಂತಲ್ಲ ಅನ್ನುವ ಧೈರ್ಯ ನಮಗೆ ಹುಟ್ಟಿನಿಂದ ಬಂದದ್ದು.

ದನಿ ಪಿಸುಗುಡುತ್ತಿತ್ತು. ಹಿಂದೆ ಪವರ್‌ಲೂಮಿನ ಸದ್ದು, ನಮ್ಮ ಮಾತಿನಲ್ಲಿ 'ತರಿ'ಯ ಸದ್ದು.

"ಈ ಮಾತಲ್ಲಿ ಹೇಳಿದ್ರೆ ಮಿಶಿನ್ಗೂ ತೆರಿಯಲ್ಲ. ಅದಕ್ಕೇ ದಾನ್ ಈ ಮಾತಲ್ಲಿ ಹೇಳ್ತೀನಿ."

ಕ್ಷಮಿಸಿ, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳುವಿರಾ ಅಂತ ಯಂತ್ರ ತಮಿಳಿನಲ್ಲಿ ಕೇಳಿತು. ಹೆಂಗಸು ಸಣ್ಣಗೆ ನಕ್ಕಳು. "ಅದೇ ನಲ್ಲದು" ಅಂದಳು, ಒಳ್ಳೆಯದೇ ಆಯಿತು ಅನ್ನುವ ಹಾಗೆ. ಆಮೇಲೆ ನಗು ನಿಂತಿತು.

"ಕೂಸ್ನ ಎತ್ಕೊಳಾಕೆ ಬಯ ಆಗ್ತದೆ. ತರಿ ಓಡ್ವಾಗ ಎತ್ಕೊಂಡು ಹತ್ರ ಹೋದ್ರೆ, ಕೂಸ್ನ ಅದ್ರೊಳಗೆ ಬಿಟ್ಟಂಗೆ ಕಣ್ಮುಂದೆ ಬರ್ತದೆ. ನನ್ ಕೈ ದಾನ್ ಬಿಡೋದು. ದಿನಾ ಬರ್ತದೆ. ಕಣ್ ಮುಚ್ಚಿದ್ರೂ ಬರ್ತದೆ. ಅತ್ತೆಗೆ ಹೇಳಿದ್ರೆ ಪೇಯಿ ಹಿಡ್ದದೆ ಅಂತ ಕೂಸ್ನ ಕಿತ್ಕೊಂಡು ನನ್ನ ಅಮ್ಮನ ಮನೆಗೆ ಕಳಿಸ್ತಾರೆ. ನಾಳೆ ಎಲ್ಲಾರೂ ಸೂಲೂರಿಗೆ ಹೋಗ್ತಾರೆ, ಕಿವಿ ಚುಚ್ಚೋ ವಿಶೇಷ. ಮನೇಲಿ ನಾನೂ ಕೂಸೂ ಇಬ್ರೇ. ನನ್ ಕೈ ಏನ್ ಮಾಡ್ತದೋ ನಂಗೇ ತೆರಿಯಲ್ಲ."

ಅಷ್ಟರಲ್ಲಿ ದೂರದಿಂದ ಇನ್ನೊಂದು ಹೆಣ್ಣುದನಿ ಕೂಗಿತು: "ಸೆಲ್ವೀ ಕಣ್ಣು, ಕೂಸು ಅಳ್ತದೆ ನೋಡು!"

ಅದು ನಮ್ಮಮ್ಮ ನಾಚಿಯಮ್ಮನ ದನಿ.

ನಾನು ಕೇಳುತ್ತಿದ್ದದ್ದು ನಮ್ಮ ಮನೆಯನ್ನೇ. ಪಲ್ಲಡಂನ ಮನೆ, ಹಿತ್ತಲಿನ ಮಗ್ಗದ ಶೆಡ್ಡು, ಶೆಡ್ಡಿನ ಮೂಲೆಯಲ್ಲಿ ಫೋನು ಬಾಯಿಗೆ ಹಿಡಿದುಕೊಂಡ ನನ್ನ ಅತ್ತಿಗೆ ತಮಿಳ್‌ಸೆಲ್ವಿ, ಅಣ್ಣ ಸರವಣಕುಮಾರನ ಹೆಂಡತಿ. ಬಸುರಾಗುವ ಮೊದಲು ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ಹೋಗುತ್ತಿದ್ದಳು. ತಿಣ್ಣೈ ಅವಳ ಫೋನಿಗೆ ಬಂದದ್ದು ಅಲ್ಲಿಂದ. "ಅತ್ಗೆ, ಅದ್ರಲ್ಲಿ ಮಾತಾಡೋದು ನಾನೇ, ಕೇಳು" ಅಂತ ನಾನೇ ಜಂಬದಿಂದ ತೆರೆದು ಕೇಳಿಸಿದ್ದೆ.

ಅವಳು 'ನಾಳೆ' ಅಂದದ್ದು ಇವತ್ತು. ರೇಷ್ಮೆ ಸೀರೆ ಉಟ್ಟು ಹೊರಟೆವು ಅಂತ ಅಮ್ಮ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ್ದಳು.

ತಮಿಳಿನಲ್ಲೇ ಹೇಳಿದ್ದರೆ ಯಂತ್ರಕ್ಕೆ ಅರ್ಥವಾಗಿ ಅಲ್ಲೇ ಮುಗಿಯುತ್ತಿತ್ತು, ಯಾವ ಕಿವಿಗೂ ಬೀಳುತ್ತಿರಲಿಲ್ಲ. ಯಾರಿಗೂ ತಿಳಿಯಬಾರದೆಂದು ಮನೆಮಾತಿನಲ್ಲಿ ಬಚ್ಚಿಟ್ಟಳು. ಬಚ್ಚಿಟ್ಟದ್ದಕ್ಕೇ ಅದು ಮನೆಯವಳ ಕೈಗೆ ಬಂದು ಬಿತ್ತು. ಇಂಥ ತಪ್ಪು ನಮ್ಮ ಜನ ಬಿಟ್ಟು ಬೇರೆ ಯಾರೂ ಮಾಡುವುದಿಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಅತ್ತಿಗೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ರಾಮ್‌ಕುಮಾರ್ ಸಾರ್ ಕೋಣೆಗೆ ನುಗ್ಗಿ, ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಡಾಕ್ಟರ್ ನಂಬರು ಹೋಗಿದೆಯಾ ಆ ಹುಡುಗಿಗೆ?"

"ಹೇಗೆ ಹೋಗುತ್ತೆ ಸಾರ್? ಯಂತ್ರಕ್ಕೆ ಅರ್ಥವೇ ಆಗಿಲ್ಲ. ಮೂಗಿನಿಂದ ಉಸಿರು ತಗೊಳ್ಳಿ ಅಂತ ಹೇಳಿ ಕಳಿಸಿದೆ."

"ನಂಬರಿಗೆ ಒಂದು ಮೆಸೇಜ್ ಹಾಕೋಣ. ಅದಕ್ಕಿಂತ ಹೆಚ್ಚಿಗೆ ಬೇಡಮ್ಮಾ. ನಾವು ಕೇಳಿದೆವು ಅಂತ ಗೊತ್ತಾದರೆ ನಾಳೆಯಿಂದ ಒಬ್ಬಳೂ ಬಾಯಿ ಬಿಡಲ್ಲ. ಒಬ್ಬಳಿಗೋಸ್ಕರ ಅಷ್ಟೂ ಜನರ ನಂಬಿಕೆ ಹಾಳು ಮಾಡಬೇಕಾ?"

"ಯಾವ ನಂಬಿಕೆ ಸಾರ್?" ಅಂದೆ. "ನನ್ನ ದನಿಯಲ್ಲಿ ಸುಳ್ಳು ಹೇಳಿಸಿ ತಗೊಂಡಿದ್ದಾ?"

ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ಮತ್ತೆ ಹಾಕಿಕೊಂಡು ಮೆಸೇಜ್ ಬರೆಯಲು ಫೋನು ಎತ್ತಿಕೊಂಡರು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದೆ.

ಗಣಪತಿಯಿಂದ ಸಿಂಗಾನಲ್ಲೂರು, ಅಲ್ಲಿಂದ ಪಲ್ಲಡಂ ಬಸ್ಸು. ಕಂಡಕ್ಟರ್ ಚಿಲ್ಲರೆಗಾಗಿ ಯಾರೊಂದಿಗೋ ಜಗಳ ಆಡುತ್ತಿದ್ದ. ಡ್ರೈವರ್ ನಿಲ್ಲಿಸಬಾರದ ಕಡೆಯೆಲ್ಲ ನಿಲ್ಲಿಸುತ್ತಿದ್ದ. ನಾನು ಅತ್ತಿಗೆಗೆ ಫೋನ್ ಮಾಡುತ್ತಲೇ ಇದ್ದೆ, ಅದು ಬಡಿದುಕೊಂಡು ಸುಮ್ಮನಾಗುತ್ತಲೇ ಇತ್ತು. ಹೆತ್ತ ಹೊಸತರಲ್ಲಿ ಇಂಥ ಬೇಡದ ಚಿತ್ರಗಳು ಕೆಲವು ತಾಯಂದಿರನ್ನು ಕಾಡುತ್ತವೆ, ಅವಕ್ಕೆ ಹೀಗೆ ಹೆದರುವವರು ಸಾಮಾನ್ಯವಾಗಿ ಕೂಸಿಗೆ ಕೇಡು ಮಾಡುವವರಲ್ಲ, ಇದಕ್ಕೆ ಚಿಕಿತ್ಸೆಯಿದೆ, ಎಲ್ಲ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಮಾರ್ಕೂ ತಗೊಂಡಿದ್ದೆ. ಆ ಬಸ್ಸಿನಲ್ಲಿ ಅದೊಂದೂ ಕೆಲಸಕ್ಕೆ ಬರಲಿಲ್ಲ. ಅಲ್ಲಿದ್ದದ್ದು ಪುಸ್ತಕದ ತಾಯಿಯಲ್ಲ, ನಮ್ಮ ಸೆಲ್ವಿ. ಕೂಸು ನನ್ನ ಅಣ್ಣನ ಮಗಳು.

ಅಮ್ಮನಿಗೆ ಹೇಳಿದರೆ? ಚೌಲ್ಟ್ರಿಯಲ್ಲಿ ಎಲ್ಲರ ಮುಂದೆ ಎದೆ ಬಡಿದುಕೊಂಡು ಓಡಿಬರುತ್ತಾಳೆ. ಸಂಜೆಯೊಳಗೆ ಕೂಸು ಒಂದು ಕಡೆ, ಸೆಲ್ವಿ ಒಂದು ಕಡೆ, ನಾಳೆ ಮಂತ್ರವಾದಿ. ಸೆಲ್ವಿ ಹೆದರಿದ್ದು ಅದಕ್ಕೇ. ಅಣ್ಣನಿಗೆ ಹೇಳಿದರೆ ಅವನು ಅಮ್ಮನಿಗೆ ಹೇಳದೆ ಇರಲಾರ. ಹೇಳದೆ ಇದ್ದು ಏನಾದರೂ ಆಗಿಹೋದರೆ? ಆಮೇಲೆ ಯಾರ ಮುಖ ನೋಡಲಿ ನಾನು?

ಕೊನೆಗೆ ಪಕ್ಕದ ಮನೆಯ ಸಾಮಿಯಾತಾಳ್ ಅಕ್ಕನಿಗೆ ಫೋನ್ ಮಾಡಿದೆ. ಅವರು ತಮಿಳಿನವರು, ವಯಸ್ಸಾದವರು, ಕೂತರೆ ಬೇಗ ಏಳುವವರಲ್ಲ. ಆ ದಿನ ನನಗೆ ಬೇಕಾದದ್ದೂ ಅದೇ. "ಅಕ್ಕಾ, ನಮ್ಮ ಅತ್ತಿಗೆಗೆ ಒಬ್ಬಳೇ ಇದ್ದು ಬೇಜಾರಂತೆ. ಮೊಸರಿಗೆ ಹೆಪ್ಪು ಕೇಳುವ ನೆಪ ಮಾಡಿಕೊಂಡು ಹೋಗಿ, ಸ್ವಲ್ಪ ಹೊತ್ತು ಮಾತಾಡುತ್ತಾ ಕೂತಿರಿ. ನಾನು ಬರುತ್ತಿದ್ದೇನೆ."

ಬಸ್ಸು ಸೂಲೂರಿನಲ್ಲಿ ನಿಂತಾಗ ಅವರೇ ಫೋನ್ ಮಾಡಿದರು. ದನಿ ಬದಲಾಗಿತ್ತು. "ಅಮ್ಮಣಿ, ನಿಮ್ಮ ಮನೆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದೆ. ಒಳಗೆ ಕೂಸು ಚೀರುತ್ತಿದೆ. ಹಿಂದೆ ಶೆಡ್ಡಿನಲ್ಲಿ ಮಗ್ಗ ಓಡುತ್ತಿವೆ, ಅದಕ್ಕೆ ಒಳಗಿನಿಂದ ಚಿಲಕ. ಕೂಗಿ ಕೂಗಿ ಸಾಕಾಯಿತು. ಎಂಥ ತಾಯಿ ಇವಳು?"

"ಕಿಟಕಿಯಿಂದ ಕೂಸು ಕಾಣುತ್ತಾ?"

"ಕಾಣುತ್ತೆ. ಸೀರೆ ಜೋಲಿಯಲ್ಲಿದೆ."

"ಕಿಟಕಿ ಬಿಟ್ಟು ಅಲ್ಲಾಡಬೇಡಿ ಅಕ್ಕಾ. ಯಾರಿಗೂ ಫೋನ್ ಮಾಡಬೇಡಿ. ಕೂಸಿನ ಹತ್ತಿರ ಮಾತಾಡುತ್ತಾ ಇರಿ."

ಅಮ್ಮನಿದ್ದ ಚೌಲ್ಟ್ರಿ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿತ್ತು. ವಾಲಗದ ಸದ್ದು ಬಸ್ಸಿನೊಳಕ್ಕೇ ಬರುತ್ತಿತ್ತು. ನಾನು ಸೀಟಿನಿಂದ ಎದ್ದೂ ಬಿಟ್ಟೆ. ಕಂಡಕ್ಟರ್ "ಇಳಿಯೋದಾದರೆ ಇಳಿಯಮ್ಮಾ" ಅಂತ ಗದರಿದ. ಇಳಿಯಲಿಲ್ಲ. ಮುಂದಿನ ಕಂಬಿ ಹಿಡಿದು ನಿಂತೇ ಪಲ್ಲಡಂವರೆಗೂ ಹೋದೆ. ಅದು ಸರಿಯೋ ತಪ್ಪೋ ಅಂತ ಇವತ್ತಿಗೂ ನಾನು ಗಟ್ಟಿಯಾಗಿ ಹೇಳಲಾರೆ.

ಮನೆಯ ಬೀದಿಗೆ ಬರುವಾಗಲೇ ಮಗ್ಗಗಳ ಅಬ್ಬರ ಕೇಳಿಸಿತು. ಅಣ್ಣ ನಿಲ್ಲಿಸಿ ಹೋಗಿದ್ದ ಮಗ್ಗಗಳನ್ನೆಲ್ಲ ಒಟ್ಟಿಗೆ ಹಾಕಿದ್ದಳು. ಸಾಮಿಯಾತಾಳ್ ಅಕ್ಕ ಕಿಟಕಿಯ ಸರಳು ಹಿಡಿದು ಒಳಗಿನ ಕೂಸಿಗೆ ಹಾಡು ಹೇಳುತ್ತಿದ್ದರು, ನನ್ನನ್ನು ಕಂಡು ಕಣ್ಣಲ್ಲೇ ಬೈದರು. ಕೂಸಿನ ಗಂಟಲು ಕಟ್ಟಿಹೋಗಿತ್ತು. ನಾನು ಹಿತ್ತಲಿಗೆ ಓಡಿ ಶೆಡ್ಡಿನ ಬಾಗಿಲು ಬಡಿದೆ. ಆ ಗದ್ದಲದಲ್ಲಿ ನನ್ನ ಬಡಿತ ನನಗೇ ಕೇಳಿಸಲಿಲ್ಲ. ಹೊರಗೋಡೆಯ ಮೇಲೆ ಮೇನ್ ಸ್ವಿಚ್ಚಿತ್ತು. ಎಳೆದುಬಿಟ್ಟೆ.

ಮಗ್ಗಗಳು ನಿಂತವು. ಕೂಸಿನ ಅಳು ಹಿತ್ತಲಿನವರೆಗೂ ಬಂತು.

"ಕರೆಂಟ್ ಹಾಕು!" ಒಳಗಿನಿಂದ ಸೆಲ್ವಿ ಕಿರುಚಿದಳು. "ಯಾರದು? ಹಾಕು ಕರೆಂಟು! ನಂಗದು ಕೇಳ್ಬಾರ್ದು!"

"ನಾನ್ ಅತ್ಗೆ. ಪ್ರಿಯಾ."

"ಕೆಲ್ಸದ ದಿನ ಇಲ್ಲಿಗೆ ಯಾಕ್ ಬಂದೆ?"

ಸುಮ್ಮನೆ ಬಂದೆ, ತಲೆನೋವು, ರಜೆ, ಹೀಗೆ ಹೇಳಲು ಎಷ್ಟು ಸುಳ್ಳುಗಳಿದ್ದವು! ಒಂದನ್ನು ಬಾಯಿಗೂ ತಂದುಕೊಂಡೆ. ಆದರೆ ನನ್ನ ದನಿಯ ಒಂದು ಸುಳ್ಳು ಆಗಲೇ ಅವಳ ಫೋನಿನಲ್ಲಿ ಕೂತಿತ್ತು.

"ನೀ ಹೇಳಿದ್ದು ನಾನ್ ಕೇಳ್ದೆ ಅತ್ಗೆ. ತಿಣ್ಣೈಲಿ."

ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಮೌನ ಅಂದರೆ ಏನೋ ಕೆಟ್ಟಿದೆ ಅಂತ ಅರ್ಥ.

"ಯಾರೂ ಕೇಳಲ್ಲ ಅಂದೆ ನೀ." ಅವಳ ದನಿ ಬಾಗಿಲಿನ ಹತ್ತಿರಕ್ಕೆ ಬಂದಿತ್ತು. "ಫೋನ್ನ ನಂಬಲಿಲ್ಲ ನಾನು. ನಿನ್ನ ನಂಬ್ದೆ. ನಮ್ ಪ್ರಿಯಾ ದಾನ್ ಹೇಳ್ತಾಳಲ್ಲ, ಸುಳ್ಳಿರಲ್ಲ ಅಂತ. ನಿಮ್ಮಮ್ಮನ ಹತ್ರ ಹೇಳದಿದ್ದನ್ನ, ನನ್ ಗಂಡನ ಹತ್ರ ಹೇಳದಿದ್ದನ್ನ ನಿನ್ ದನಿ ಕೇಳಿ ಹೇಳ್ದೆ. ನೀ ಅಲ್ಲಿ ಕೂತ್ಕೊಂಡು ಕೇಳ್ತಾ ಇದ್ದ್ಯಾ?"

ಮುಖಕ್ಕೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

"ಕೂಸು ಅಳ್ತದೆ ಅತ್ಗೆ. ಬೀಗದ ಕೈ ಕೊಡು. ಆಮೇಲೆ ಎಷ್ಟ್ ಬೇಕಾದ್ರೂ ಬಯ್ಯಿ."

ಬಾಗಿಲ ಸಂದಿಯಿಂದ ಬೀಗದ ಕೈ ಹೊರಗೆ ಬಂತು. "ನೀ ಎತ್ಕೋ. ಇಲ್ಲಿಗೆ ತರ್ಬೇಡ. ತರಿ ಇಲ್ಲಿ, ಕೂಸು ಅಲ್ಲಿ, ನಡುವೆ ಬೀಗ ಇರ್ಲಿ ಅಂತ ದಾನ್ ಹಂಗ್ ಮಾಡ್ದೆ. ಅದ್ರ ಅಳು ಕೇಳಿದ್ರೆ ಓಡೋಗಿ ಎತ್ಕೊಂಡ್ಬಿಡ್ತೀನಿ ಅಂತ ತರಿ ಹಾಕ್ದೆ."

ಎಂಥ ತಾಯಿ ಅಂತ ಸಾಮಿಯಾತಾಳ್ ಅಕ್ಕ ಕೇಳಿದ್ದಕ್ಕೆ ಜವಾಬು ಇದು. ಅವರಿಗೆ ಹೇಳುವಂತಿರಲಿಲ್ಲ. ಬೀಗ ತೆಗೆದು ಕೂಸನ್ನು ಎತ್ತಿಕೊಂಡೆ. ಮೈಯೆಲ್ಲ ಒದ್ದೆ, ಬೆವರು, ಬಿಸಿ. ಬಟ್ಟೆ ಬದಲಿಸಿ ಭುಜಕ್ಕೆ ಹಾಕಿಕೊಂಡೆ. ಬಿಕ್ಕಳಿಸುತ್ತಾ ನನ್ನ ಕುತ್ತಿಗೆಯಲ್ಲಿ ಮೊಲೆ ಹುಡುಕತೊಡಗಿತು. ಅಕ್ಕನಿಗೆ ಕೈ ಮುಗಿದು, ನೀವಿದ್ದದ್ದಕ್ಕೆ ಆಯಿತು, ಅತ್ತಿಗೆಗೆ ಮೈ ಸರಿಯಿಲ್ಲ ಅಂದೆ. ಅವರು ನಂಬಲಿಲ್ಲ, ಆದರೆ ಮತ್ತೇನೂ ಕೇಳದೆ ಜಗಲಿಯ ಮೇಲೆ ಕೂತರು.

ಕರೆಂಟಿಲ್ಲ, ನಡುವೆ ಬಾಗಿಲಿದೆ ಅಂತ ಕೂಸಿನೊಂದಿಗೇ ಶೆಡ್ಡಿಗೆ ವಾಪಸು ಬಂದು, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಕೂಸಿನ ಮುಲುಕು ಅವಳಿಗೂ ಕೇಳುತ್ತಿತ್ತು.

"ಇನ್ಯಾರ್ ಕೇಳಿದ್ರು?" ಅಂದಳು.

"ಕೇಳಿದ್ದು ನಾನೊಬ್ಳೇ."

"ಯಾರಿಗ್ ಹೇಳ್ದೆ?"

ಇಲ್ಲ, ಯಾರಿಗೂ ಇಲ್ಲ ಅಂದಿದ್ದರೆ ಚಿಲಕ ಆಗಲೇ ತೆಗೆಯುತ್ತಿದ್ದಳೋ ಏನೋ. ನಾಲಿಗೆಯ ತುದಿಯವರೆಗೂ ಬಂದಿತ್ತು.

"ಒಬ್ರಿಗ್ ಹೇಳ್ದೆ. ನಮ್ ಸಾರ್‌ಗೆ. ನಿನ್ ಹೆಸ್ರು ಹೇಳಿಲ್ಲ. ಅಣ್ಣನಿಗಿಲ್ಲ, ಅಮ್ಮನಿಗಿಲ್ಲ."

ಅವಳು ಬಾಗಿಲಿಗೆ ಒರಗಿ ಕುಸಿದು ಕೂತದ್ದು ನನ್ನ ಬೆನ್ನಿಗೆ ತಿಳಿಯಿತು. ಅತ್ತಳು. ಸಿಟ್ಟಿನ ಅಳುವೋ ಬೇರೆಯೋ, ನಾನು ಕೇಳುತ್ತಾ ಕೂತೆ. ಎಷ್ಟೋ ಹೊತ್ತಿನ ಮೇಲೆ ಮೂಗು ಸುರಿಸುತ್ತಾ, "ಆ ಮಾತು ಇನ್ನೊಂದ್ ದಪ ಹೇಳು" ಅಂದಳು.

"ಯಾವ್ದು?"

"ಫೋನಲ್ಲಿ ಹೇಳ್ತೀಯಲ್ಲ, ಅದು. ಈ ದಪ ನಿಜ ಹೇಳು."

ಮೈಕಿನ ಮುಂದೆ ಆ ವಾಕ್ಯವನ್ನು ಎಷ್ಟೋ ಸಲ ಹೇಳಿ ನುಣುಪು ಮಾಡಿದ್ದೆ. ಈಗ ಅದನ್ನು ಮೊದಲಿನಿಂದ ಕಟ್ಟಬೇಕಿತ್ತು.

"ವಣಕ್ಕಂ ಅತ್ಗೆ" ಅಂದೆ. "ಮನಸ್ಸಲ್ಲಿ ಇರೋದ್ನ ಹೇಳು. ನೀ ಹೇಳೋದ್ನ ಒಬ್ಳು ಕೇಳ್ತಾಳೆ. ಅವ್ಳು ನಾನ್ ದಾನ್. ಕೇಳಿದ್ದನ್ನ ನಿನ್ ಕೇಳ್ದೆ ಯಾರಿಗೂ ಹೇಳಲ್ಲ. ಆದ್ರೆ ನಿಂಗೋ ಕೂಸಿಗೋ ಏನಾದ್ರೂ ಆಗ್ತದೆ ಅಂತ ಬಯ ಆದ್ರೆ ಹೇಳ್ತೀನಿ. ಮೊದ್ಲು ನಿಂಗ್ ಹೇಳ್ಬಿಟ್ಟು ಅಪ್ಪುರಂ ಹೇಳ್ತೀನಿ."

ಒಳಗೆ ಚಿಲಕ ಸರಿಯಿತು.

ಸೆಲ್ವಿ ಹೊರಗೆ ಬರಲಿಲ್ಲ, ನಾನು ಕೂಸನ್ನು ಒಳಗೆ ಒಯ್ಯಲೂ ಇಲ್ಲ. ಹೊಸ್ತಿಲಲ್ಲೇ ಎದುರುಬದುರು ಕೂತೆವು. ಕೂಸಿನ ಕಡೆ ನೋಡಿದಳು, ತನ್ನ ಕೈಗಳ ಕಡೆ ನೋಡಿಕೊಂಡಳು. "ಹಾಲ್ ಕಟ್ಕೊಂಡು ನೋಯ್ತದೆ" ಅಂದಳು. "ಕೊಡ್ತೀನಿ. ಆದ್ರೆ ನಿನ್ ಕೈ ಕೆಳಗಿರ್ಲಿ. ತೆಗೀಬೇಡ."

ಕೂಸು ಹಾಲು ಕುಡಿದು ನಿದ್ದೆ ಹೋಗುವವರೆಗೂ ಅವಳ ಕೈಗಳ ಕೆಳಗೆ ನನ್ನ ಕೈಗಳನ್ನು ಇಟ್ಟುಕೊಂಡು ಕೂತಿದ್ದೆ. ಮೊಣಕೈವರೆಗೂ ಜೋಮು ಹಿಡಿಯಿತು.

ತಿಣ್ಣೈನಲ್ಲಿ ಈಗ ಬೇರೆ ಮಾತಿದೆ. ಯಂತ್ರಕ್ಕೆ ಅರ್ಥವಾಗದ್ದನ್ನು ನಮ್ಮಲ್ಲೊಬ್ಬರು ಕೇಳುತ್ತಾರೆ ಅಂತ ಮೊದಲೇ ಹೇಳುತ್ತದೆ, ನನ್ನ ದನಿಯಲ್ಲೇ. ಅದಿಲ್ಲದಿದ್ದರೆ ನನ್ನ ದನಿ ತೆಗೆದುಬಿಡಿ ಅಂತ ರಾಮ್‌ಕುಮಾರ್ ಸಾರ್ ಹತ್ತಿರ ಹಟ ಹಿಡಿದಿದ್ದೆ. ಎಷ್ಟೋ ಹುಡುಗಿಯರು ಮಾತಾಡುವುದನ್ನು ಬಿಟ್ಟರು. ಬಿಟ್ಟವರ ಲೆಕ್ಕ ತೋರಿಸಿ ಸಾರ್ ನಿಟ್ಟುಸಿರು ಬಿಡುತ್ತಾರೆ, ನಾನು ಮುಖ ಬೇರೆ ಕಡೆ ತಿರುಗಿಸುತ್ತೇನೆ. ಅದು ಆಮೇಲಿನ ಕಥೆ.

ಆ ರಾತ್ರಿ ಸೆಲ್ವಿ ತಾನಾಗಿಯೇ ಅಣ್ಣನಿಗೆ ಹೇಳಿದಳು. ಅಣ್ಣ ಬೆಳಿಗ್ಗೆ ಕಾರು ಗೊತ್ತು ಮಾಡಿದ. ಮೈ ಸರಿಯಿಲ್ಲ ಅಂತಷ್ಟೇ ಅಮ್ಮನಿಗೆ ಹೇಳಿ ಕೊಯಮತ್ತೂರಿಗೆ ಬಂದೆವು. ಉಳಿದದ್ದನ್ನು ಹೇಳುವುದು ಬಿಡುವುದು ಸೆಲ್ವಿಗೆ ಸೇರಿದ್ದು.

ಡಾಕ್ಟರು ಹೆಂಗಸು. ತಮಿಳಿನಲ್ಲಿ ನಗುತ್ತಾ, "ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ, ಧೈರ್ಯವಾಗಿ ಹೇಳಮ್ಮಾ" ಅಂದರು. ಅವರ ದನಿಯೂ ಚೆನ್ನಾಗಿತ್ತು.

ಸೆಲ್ವಿ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಬೀರುವಿನ ಪಕ್ಕ ಬಿಳಿ ಕೋಟಿನ ಚಿಕ್ಕ ಹುಡುಗಿಯೊಬ್ಬಳು ಪೆನ್ನು ಹಿಡಿದು ಕೂತಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಆಚೆ ಅಣ್ಣ ಕೂಸನ್ನು ಎತ್ತಿಕೊಂಡು ಓಡಾಡುತ್ತಿದ್ದ.

"ಮೊದಲು ನೀವು ಹೇಳಿ ಮೇಡಂ" ಅಂದಳು ಸೆಲ್ವಿ. "ಇದನ್ನು ಯಾರ್ಯಾರು ಕೇಳುತ್ತಾರೆ?"

ಡಾಕ್ಟರ ನಗು ನಿಂತಿತು. ಸೆಲ್ವಿಯ ಮುಖವನ್ನು ಸರಿಯಾಗಿ ನೋಡಿದರು. ಆಮೇಲೆ ಒಬ್ಬೊಬ್ಬರನ್ನಾಗಿ ಹೇಳಿದರು. ತಾವು ಕೇಳುತ್ತಾರೆ. ಆ ಹುಡುಗಿ ಕಲಿಯಲು ಬಂದವಳು, ಅವಳು ಕೇಳುತ್ತಾಳೆ, ಬೇಡವೆಂದರೆ ಎದ್ದು ಹೋಗುತ್ತಾಳೆ. ಔಷಧ ಕೊಡುವವರಿಗೆ ಕಾಯಿಲೆಯ ಹೆಸರು ತಿಳಿಯುತ್ತದೆ. ತಾಯಿಗೋ ಮಗುವಿ​ಗೋ ಅಪಾಯ ಕಂಡರೆ ಗಂಡನಿಗೆ ಹೇಳಬೇಕಾಗುತ್ತದೆ.

ಸೆಲ್ವಿ ತಲೆಯಾಡಿಸಿದಳು. "ಆ ಹುಡುಗಿ ಇರಲಿ, ಕಲಿಯಲಿ" ಅಂದಳು. ನಾನು ಎದ್ದು ಹೊರಡುವುದರಲ್ಲಿದ್ದೆ. ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಕೂಸನ್ನು ಎತ್ತಿಕೊಳ್ಳಲು ಭಯವಾಗುತ್ತದೆ ಅಂತ ಮೊದಲಿನಿಂದ ಹೇಳತೊಡಗಿದಳು. ತಮಿಳಿನಲ್ಲಿ, ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಅರ್ಥವಾಗುವ ಹಾಗೆ.